ಇನ್ನೂರ ಹದಿನಾಲ್ಕನೆಯ ಚಿತ್ರ

"ನನ್ನ ಆನೆಗಳೆಲ್ಲಿ?"

ಧೊಪ್ಪೆಂದು ಕೌಂಟರಿನ ಮೇಲೆ ಬಿದ್ದ ಕಾಗದದ ಕಟ್ಟಿನ ರಭಸಕ್ಕೆ ವೀಣಾಳ ಕಾಫಿ ಲೋಟ ಉರುಳಿತು. ಯಾರದೋ ಮದುವೆ ಕರೆಯೋಲೆಯ ಪ್ರೂಫಿನ ಮೇಲೆಲ್ಲ ಕಾಫಿ ಹರಿಯಿತು.

"ಏನ್ರೀ ಇದು! ಕಣ್ಣು ಕಾಣಲ್ವಾ ನಿಮಗೆ?"

"ಕಣ್ಣು ಚೆನ್ನಾಗೇ ಕಾಣ್ತದೆ ಮೇಡಂ. ಅದಕ್ಕೇ ಕೇಳ್ತಾ ಇರೋದು. ಇನ್ನೂರ ಹದಿನಾಲ್ಕು ಫೋಟೊ ಕೊಟ್ಟಿದ್ದೆ. ಇದ್ರಲ್ಲಿ ಒಂದಾದ್ರೂ ತೋರ್ಸಿ!"

ವೀಣಾ ಕಟ್ಟು ಬಿಚ್ಚಿದಳು. ಮೊದಲ ಪುಟ, ಎರಡನೇ ಪುಟ, ಇಪ್ಪತ್ತನೇ ಪುಟ... ಬರಹವೇನೋ ಅಚ್ಚುಕಟ್ಟಾಗಿತ್ತು. ಆದರೆ ಫೋಟೊ ಇರಬೇಕಾದ ಜಾಗದಲ್ಲೆಲ್ಲ ಖಾಲಿ ಚೌಕ, ಅದರೊಳಗೆ ಪುಟ್ಟದೊಂದು ಕೆಂಪು ಕತ್ತರಿ ಗುರುತು. ಚಿತ್ರವನ್ನು ತೋರಿಸಲಾಗುತ್ತಿಲ್ಲ, ಫೈಲಿನ ಜಾಗವೋ ಹೆಸರೋ ಬದಲಾಗಿರಬಹುದು, ಇಲ್ಲವೇ ಯಾರೋ ಅಳಿಸಿರಬಹುದು ಎಂದು ಪ್ರತಿ ಚೌಕದಲ್ಲೂ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು.

'ಅಯ್ಯೋ ದೇವರೇ... ಇದು ಹೇಗಾಯ್ತು?'

ಗಾಬರಿಯೇನೋ ಆಯಿತು. ಆದರೆ ಅದನ್ನು ಮುಖದಲ್ಲಿ ತೋರಿಸಿಕೊಂಡರೆ ಅವಳು ವೀಣಾ ಅಲ್ಲ!

"ಪ್ರಿಂಟ್ ತಗೊಳ್ಳೋವಾಗ ನೋಡ್ಕೋಬೇಕಿತ್ತು."

"ಕೊಡುವವರು ನೋಡಿ ಕೊಡ್ಬೇಕಿತ್ತು! ನಿನ್ನೆ ಮೀಟಿಂಗಲ್ಲಿ ರೇಂಜರ್ ಮುಂದೆ, ಅಷ್ಟು ಜನ ಪ್ಲಾಂಟರ್ಸ್ ಮುಂದೆ ಇದನ್ನ ಬಿಚ್ಚಿದೆ. ಉತ್ತಯ್ಯ ಎಂಥ ಹೇಳಿದ್ರು ಗೊತ್ತುಂಟಾ? 'ಏನ್ ಪ್ರಜ್ಞೇಶ್, ನಿನ್ನ ಆನೆಗಳು ಮೀಟಿಂಗಿಗೆ ಬರ್ಲಿಕ್ಕೆ ಒಪ್ಪಲಿಲ್ವಾ' ಅಂತ! ಎಲ್ರೂ ಬಿದ್ದು ಬಿದ್ದು ನಕ್ಕರು."

ಗೋಣಿಕೊಪ್ಪಲಿನಿಂದ ದುಬಾರೆಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪು ಪ್ರಜ್ಞೇಶನದು. ಕಳೆದ ತಿಂಗಳು ಉತ್ತಯ್ಯನವರ ಎಸ್ಟೇಟಿನಲ್ಲಿ ಕಾಫಿ ಪಿಕ್ಕಿಂಗಿಗೆ ಹೊರಟಿದ್ದ ಯಮುನಳನ್ನು ಸಲಗವೊಂದು ಎತ್ತಿ ಎಸೆದಿತ್ತು. ಕೈ ಮುರಿದರೂ ಪುಣ್ಯಕ್ಕೆ ಜೀವ ಉಳಿದಿತ್ತು. ಎರಡು ವರ್ಷದ ಹಿಂದೆ ಅದೇ ಬೇಲಿಯ ಬಳಿ ಒಂದು ಜೀವವೇ ಹೋಗಿತ್ತು. ಊರೆಲ್ಲ ಬೆರಳು ತೋರಿಸಿದ್ದು ಚಿನ್ನ ಎಂಬ ಸಲಗದ ಕಡೆಗೆ. ಅದನ್ನು ಹಿಡಿಸಲು ಅರ್ಜಿಯೂ ಆಗಿತ್ತು.

ಅದು ಚಿನ್ನ ಅಲ್ಲ, ಬೇರೆ ಆನೆ ಎಂದವನು ಪ್ರಜ್ಞೇಶ್ ಒಬ್ಬನೇ. ತಪ್ಪು ಆನೆಯನ್ನು ಲಾರಿ ಹತ್ತಿಸಿದರೆ ಕೊಂದ ಆನೆ ಕೂಲಿಯವರ ಲೈನುಮನೆಗಳ ಪಕ್ಕದಲ್ಲೇ ಉಳಿಯುತ್ತದೆ, ಮತ್ತೆ ಯಾರನ್ನಾದರೂ ಬಲಿ ತೆಗೆದುಕೊಳ್ಳುತ್ತದೆ ಎನ್ನುವುದು ಅವನ ವಾದ. ಅದಕ್ಕಿದ್ದ ಸಾಕ್ಷಿಯೆಂದರೆ ಈ ವರದಿ, ಅದರೊಳಗಿನ ಫೋಟೊಗಳು.

"ಶುಕ್ರವಾರ ಮತ್ತೆ ಮೀಟಿಂಗ್. ಅವತ್ತು ಇಲ್ಲಾಂದ್ರೆ ಇಲ್ಲ." ಅವನು ಕೌಂಟರಿನ ಮೇಲೆ ಬಾಗಿ ಅವಳನ್ನೇ ದಿಟ್ಟಿಸಿದ. "ಒಂದು ಕೇಳ್ತೇನೆ. ಉತ್ತಯ್ಯನವರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ದೇವರಾಜು ನಿಮ್ಮ ತಂದೆಯಲ್ವಾ?"

"ಹೌದು. ಏನೀಗ?"

"ಎಂಥದೂ ಇಲ್ಲ. ಈಗ ಅರ್ಥ ಆಯ್ತು."

ವೀಣಾಳ ಮೈಯೆಲ್ಲ ಉರಿದುಹೋಯಿತು. "ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ! ನಾಳೆ ಸಂಜೆ ಬನ್ನಿ. ನಿಮ್ಮ ಒಂದೊಂದು ಆನೇನೂ ಎಣಿಸಿ ಕೊಡ್ತೀನಿ. ಆಮೇಲೆ ಈ ಅಂಗಡಿ ಕಡೆ ತಲೆ ಹಾಕ್ಬೇಡಿ!"

"ನೋಡುವ."

ಜೀಪು ಭರ್ರೆಂದು ಹೊರಟುಹೋಯಿತು. 'ದುರಹಂಕಾರಿ! ಕ್ಷಮಿಸಿ ಅನ್ನೋ ಪದಾನೇ ಗೊತ್ತಿಲ್ಲ' ಎಂದು ಬೈದುಕೊಳ್ಳುತ್ತಲೇ ಅವಳು ಕಂಪ್ಯೂಟರಿನ ಮುಂದೆ ಕುಳಿತಳು.

ಆ ಫೋಟೊಗಳನ್ನು ಅವಳು ವರ್ಡ್ ಫೈಲಿನ ಒಳಗೆ ಹಾಕಿರಲಿಲ್ಲ, ಲಿಂಕ್ ಮಾತ್ರ ಕೊಟ್ಟಿದ್ದಳು. "ಎಲ್ಲಾ ಒಳಗೇ ಕೂರಿಸಿದ್ರೆ ಫೈಲ್ ಭಾರ ಆಗುತ್ತೆ, ತೆರೆಯೋಕೂ ಆಗಲ್ಲ" ಎಂದು ಅವನಿಗೆ ಹೇಳಿಯೂ ಇದ್ದಳು. ಫೋಟೊಗಳು ಇರುವುದು ಪಕ್ಕದ ಫೋಲ್ಡರಿನಲ್ಲಿ. ವರದಿಯಲ್ಲಿ ಇರುವುದು ಅವುಗಳ ವಿಳಾಸ ಮಾತ್ರ. ವಿಳಾಸ ತಪ್ಪಿದರೆ ಕೆಂಪು ಗುರುತು.

'ಚಿನ್ನ' ಎಂಬ ಫೋಲ್ಡರ್ ಇರಲಿಲ್ಲ. 'ಕೊಲೆಗಾರ' ಎಂಬ ಫೋಲ್ಡರೂ ಇರಲಿಲ್ಲ. ಆ ಜಾಗದಲ್ಲಿ ಹೊಸದೊಂದು ಕುಳಿತಿತ್ತು. ಅದರ ಹೆಸರು 'ಶ್ರೀ ಗಣಪತಿ'!

"ಅತ್ತೇ...!"

ಟೈಪಿಂಗ್, ಪ್ರಿಂಟಿಂಗ್, ಫೋಟೊ ಮೂರೂ ಮಾಡುವ ಆ ಅಂಗಡಿಯ ಒಡತಿ ವಿಶಾಲಾಕ್ಷಮ್ಮ, ದೇವರಾಜು ಅವರ ಅಕ್ಕ, ಒಳಗಿನಿಂದ ಸೆರಗಿಗೆ ಕೈಯೊರೆಸುತ್ತ ಬಂದರು.

"ಈ ಫೋಲ್ಡರ್ ಮುಟ್ಟಿದ್ಯಾರು?"

"ನಾನೇ ಕಣೆ. ನೀನು ಕುಶಾಲನಗರಕ್ಕೆ ಹೋಗಿದ್ದೆಯಲ್ಲ, ಅವತ್ತು. ತೆಗೆದು ನೋಡ್ತೀನಿ, ಆನೆ ಚಿತ್ರ ಇಟ್ಟು ಕೊಲೆಗಾರ ಅಂತ ಬರ್ದವ್ರೆ! ಗಣಪ್ಪನಿಗೆ ಆ ಹೆಸರಿಡ್ತಾರೇನೆ? ನನಗೆ ಕೈಕಾಲೇ ಆಡಲಿಲ್ಲ. ಹೆಸರು ಬದಲಾಯಿಸ್ದೆ. ಇನ್ನೊಂದರಲ್ಲೂ ಆನೆನೇ ಇತ್ತು, ದೇವರು ಬೇರೆ ಬೇರೆ ಯಾಕೆ ಅಂತ ಎರಡನ್ನೂ ಒಂದರೊಳಗೆ ಸೇರಿಸ್ದೆ. ಅದು ಏನೋ ಕೇಳ್ತು, ಎರಡೂ ಇರ್ಲಿ ಅಂತ ಒತ್ತಿದೆ."

"ಅತ್ತೆ... ನಿಮ್ಮ ಭಕ್ತಿಗೆ ಒಂದು ದೊಡ್ಡ ನಮಸ್ಕಾರ!"

"ಅವನಿಗೆ ಹೇಳ್ಬೇಡ ಕಣೆ, ನಿನ್ನ ದಮ್ಮಯ್ಯ. ಊರೆಲ್ಲ ಆಡ್ಕೊಂಡು ನಗ್ತಾರೆ."

ವೀಣಾ ಒಂದು ಕ್ಷಣ ಯೋಚಿಸಿದಳು. ಅವನ ಆ ಬಿಗಿದ ಮುಖ, ಆ ಅನುಮಾನದ ಮಾತು... ಅವನ ಮುಂದೆ ತಪ್ಪು ನಮ್ಮದೇ ಎಂದು ತಲೆ ತಗ್ಗಿಸುವುದೇ? ಆಗದು! ಹೇಳುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಳು. ಅದೇ ಅವಳು ಮಾಡಿದ ದೊಡ್ಡ ತಪ್ಪು.

ಇನ್ನೂರ ಹದಿನಾಲ್ಕನ್ನೂ ಕೈಯಿಂದ ಒಂದೊಂದಾಗಿ ಸರಿಪಡಿಸುತ್ತ ಕೂತರೆ ಶುಕ್ರವಾರ ದಾಟಿಹೋಗುತ್ತಿತ್ತು. ಅವಳು ಮ್ಯಾಕ್ರೊ ಬರೆಯತೊಡಗಿದಳು. ಮಾಡಬೇಕಾದ ಕೆಲಸವನ್ನು ಸಾಲು ಸಾಲಾಗಿ ಬರೆದುಕೊಟ್ಟರೆ ವರ್ಡ್ ತಾನೇ ಮಾಡುತ್ತದೆ. ಪ್ರತಿ ಚಿತ್ರದ ಹಳೆಯ ವಿಳಾಸ ಓದು, ಕೊನೆಯಲ್ಲಿರುವ ಫೈಲಿನ ಹೆಸರು ಹಿಡಿದುಕೋ, ಅದೇ ಹೆಸರನ್ನು ಹೊಸ ಫೋಲ್ಡರಿನಲ್ಲಿ ಹುಡುಕು, ಸಿಕ್ಕಿದರೆ ವಿಳಾಸ ತಿದ್ದು.

ಮಾರನೆಯ ಸಂಜೆ ಅವನು ಬಂದಾಗ ವೀಣಾ ಅವನ ಕಡೆ ಕುರ್ಚಿ ತಳ್ಳಿ, ಒಂದು ಗುಂಡಿ ಒತ್ತಿದಳು.

ಕೆಂಪು ಗುರುತುಗಳು ಒಂದೊಂದಾಗಿ ಮಾಯವಾದವು. ನೀರಿನಲ್ಲಿ ನಿಂತ ಆನೆ, ಹಲಸಿನ ಮರಕ್ಕೆ ಮೈ ತಿಕ್ಕುವ ಆನೆ, ಬೇಲಿ ದಾಟುತ್ತಿರುವ ಆನೆ... ಪುಟಗಳೆಲ್ಲ ತುಂಬಿಕೊಂಡವು!

"ಓ...!" ಪ್ರಜ್ಞೇಶನ ಬಾಯಿಂದ ಉದ್ಗಾರ ಹೊರಟಿತು. ಮೊದಲ ಸಲ ಅವನ ಮುಖ ಸಡಿಲಾಯಿತು. 'ನಗೋಕೂ ಬರುತ್ತೆ ಇವನಿಗೆ' ಎಂದುಕೊಂಡವಳಿಗೆ ತನ್ನ ಎದೆ ಯಾಕೆ ಹೊಡೆದುಕೊಳ್ಳುತ್ತಿದೆ ಎಂದೇ ತಿಳಿಯಲಿಲ್ಲ.

"ಎಂಥ ಆಗಿತ್ತು?"

"ಅದು... ಕಂಪ್ಯೂಟರ್ ಪ್ರಾಬ್ಲಮ್."

ಪರದೆಯ ಮೇಲೆ ಲೆಕ್ಕ ಬಂದಿತ್ತು. ಸಿಕ್ಕಿದ್ದು ಇನ್ನೂರ ಹದಿಮೂರು, ಸಿಗದೇ ಇದ್ದದ್ದು ಒಂದು.

"ಕೊನೆ ಪುಟದ್ದು ಒಂದು ಸಿಕ್ಕಿಲ್ಲ. ಆ ಪುಟ ನೀವೇ ಸೇರಿಸಿದ್ದಲ್ವಾ? ನಿಮ್ಮ ಪೆನ್ ಡ್ರೈವಿಂದ ಲಿಂಕ್ ಆಗಿದೆ."

"ಅದು ಬಿಡಿ. ಪೆನ್ ಡ್ರೈವ್ ಹೊಳೇಲಿ ಬಿದ್ದು ಹೋಯ್ತು. ಫೋನೂ ಜೊತೆಗೇ ಹೋಯ್ತು."

"ಯಾವ ಆನೆ ಅದು?"

"ಆನೆ ಅಲ್ಲ. ನನ್ನ ಅಪ್ಪ."

ವೀಣಾ ಮೌಸ್ ಬಿಟ್ಟು ಅವನ ಕಡೆ ತಿರುಗಿದಳು. ಎರಡು ವರ್ಷದ ಹಿಂದೆ ಆ ಬೇಲಿಯ ಬಳಿ ಸತ್ತವರು...

"ಬೊಳ್ಳಪ್ಪ ಅಂತ. ನಮ್ಮ ನಾಲ್ಕು ಎಕರೆ ತೋಟ ಉತ್ತಯ್ಯನವರ ಬೇಲಿಗೇ ತಾಗಿಕೊಂಡು ಉಂಟು. ಎಲ್ರೂ ನಾನು ಆನೆ ಮೇಲಿನ ಪ್ರೀತಿಗೆ ಇದೆಲ್ಲ ಮಾಡ್ತೇನೆ ಅಂದ್ಕೊಂಡಿದ್ದಾರೆ. ಎಂಥ ಪ್ರೀತಿ ಮಾರಾಯ್ರೆ? ನಾನು ಓಡಿ ಬರುವಾಗ ಅದು ತಿರುಗಿ ಹೋಗ್ತಾ ಇತ್ತು. ಬಲಗಿವಿ ಹರಿದಿತ್ತು. ಚಿನ್ನನ ಬಲಗಿವಿ ಸರಿಯಾಗೇ ಉಂಟು, ಅದಕ್ಕೆ ತೂತಿರೋದು ಎಡಗಿವೀಲಿ. ಹೇಳಿದ್ರೆ ಯಾರೂ ನಂಬಲಿಲ್ಲ. ಹೆದರಿ ಎಂಥದೋ ನೋಡಿದ್ದಾನೆ ಅಂದ್ರು. ಅದಕ್ಕೇ ಮರಕ್ಕೆ ಕ್ಯಾಮೆರಾ ಕಟ್ಟಿ ಎರಡು ವರ್ಷ ಹುಡುಕಿದ್ದು. ನನಗೆ ಬೇಕಾದ್ದು ಆ ಒಂದು ಆನೆ. ಅದರ ಬದಲು ಇನ್ನೊಂದು ಬೇಡ."

"ಮನೇಲಿ ಅವರ ಬೇರೆ ಫೋಟೊ ಇಲ್ವಾ?"

"ಮದುವೇದು ಒಂದುಂಟು. ಅವ್ವ ಅದನ್ನ ಹಿಡ್ಕೊಂಡು ನಾಪೋಕ್ಲಿನ ತವರಿಗೆ ಹೋದವರು ಇವತ್ತಿಗೂ ತೋಟಕ್ಕೆ ಕಾಲಿಟ್ಟಿಲ್ಲ. ಅದ್ರಲ್ಲಿ ಅಪ್ಪ ಇಪ್ಪತ್ತಾರರ ಹುಡುಗ. ನನಗೆ ಗೊತ್ತಿರೋ ಅಪ್ಪ ಅದ್ರಲ್ಲಿಲ್ಲ."

ವೀಣಾಳ ಕಣ್ಣು ತುಂಬಿ ಬಂತು. ಅವನು ಅದನ್ನು ನೋಡಿದ. ನೋಡಿ, ಅವಳು ತೆಗೆದುಕೊಟ್ಟ ಹೊಸ ಪ್ರಿಂಟಿನ ಕಟ್ಟು ಎತ್ತಿಕೊಂಡು ಹೊರಟ. ಬಾಗಿಲ ಬಳಿ ನಿಂತು, "ಥ್ಯಾಂಕ್ಸ್ ವೀಣಾ ಅವ್ರೆ" ಎಂದ.

ಮೇಡಂ ಹೋಗಿ ವೀಣಾ ಅವ್ರೆ ಆಗಿತ್ತು! ಹುಡುಗಿ ಆವತ್ತು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಆದರೆ ಆ ಸಂಭ್ರಮದ ಆಯುಷ್ಯ ಒಂದೇ ದಿನ.

ಗುರುವಾರ ಮಧ್ಯಾಹ್ನ ಅದೇ ಕಟ್ಟು ಮತ್ತೆ ಧೊಪ್ಪೆಂದು ಬಿತ್ತು.

"ಪುಟ ನಲವತ್ತೊಂದು ತೆಗಿ."

"ತೆಗಿ? ಯಾರಿಗೆ ಹೇಳ್ತಿದ್ದೀರಿ?"

"ತೆಗಿ ಅಂದೆ!"

ಆ ಪುಟವೇ ಇಡೀ ವರದಿಯ ಜೀವ. ಯಮುನಳ ಮೇಲೆ ದಾಳಿಯಾದ ದಿನದ ಎರಡು ಫೋಟೊಗಳು ಅಲ್ಲಿದ್ದವು. ಮೊದಲನೆಯದು ಬೆಳಿಗ್ಗೆ ಆರು ಹತ್ತಕ್ಕೆ ಎಸ್ಟೇಟಿನ ಲೈನಿನ ಬಳಿ ಹರಿದ ಕಿವಿಯ ಕೊಲೆಗಾರ. ಎರಡನೆಯದು ಆರು ಹದಿನಾಲ್ಕಕ್ಕೆ ದೂರದ ದುಬಾರೆಯ ಹೊಳೆ ದಂಡೆಯಲ್ಲಿ ಚಿನ್ನ. ಹಾಗೆಂದು ಕೆಳಗೆ ಬರೆದಿತ್ತು. ಆದರೆ ಮೇಲೆ ಎರಡೂ ಕಡೆ ಒಂದೇ ಫೋಟೊ ಕೂತಿತ್ತು! ಲೈನಿನ ಬಳಿ ಎಂದು ಬರೆದ ಕಡೆಯೂ ಚಿನ್ನ ನಿಂತಿದ್ದ.

"ಇದನ್ನ ನಾಳೆ ನಾನೇ ಎತ್ತಿ ಕೊಟ್ರೆ ಎಂಥ ಆಗ್ತಿತ್ತು? ಚಿನ್ನನೇ ಕೊಲೆಗಾರ ಅಂತ ನನ್ನ ಕೈಯಿಂದಲೇ ಸಾಕ್ಷಿ! ಉತ್ತಯ್ಯನಿಗೆ ಇದಕ್ಕಿಂತ ಎಂಥ ಬೇಕು?"

ವೀಣಾ ಫೋಲ್ಡರ್ ತೆರೆದು ನೋಡಿದಳು. ತಟ್ಟನೆ ಹೊಳೆಯಿತು. ಎರಡೂ ಕ್ಯಾಮೆರಾ ಒಂದೇ ಥರದವು, ಎರಡೂ ಒಂದರಿಂದ ಎಣಿಸುತ್ತ ಬಂದವು. ಎರಡು ಫೋಟೊಗಳಿಗೂ ಒಂದೇ ಹೆಸರು, ಒಂದೇ ನಂಬರ್. ಬೇರೆ ಬೇರೆ ಫೋಲ್ಡರಿನಲ್ಲಿ ಇದ್ದಷ್ಟು ದಿನ ತೊಂದರೆಯಿರಲಿಲ್ಲ. ಅತ್ತೆ ಒಂದೇ ಕಡೆ ಸುರಿದಾಗ ಕೊಲೆಗಾರನ ಫೋಟೊದ ಹೆಸರಿಗೆ ಕಂಪ್ಯೂಟರೇ 'ಎರಡು' ಎಂಬ ಬಾಲ ಅಂಟಿಸಿತ್ತು. ಬರೀ ಹೆಸರು ನೋಡಿದ ಅವಳ ಮ್ಯಾಕ್ರೊ ಕಣ್ಣು ಮುಚ್ಚಿ ಎರಡು ಕಡೆಗೂ ಚಿನ್ನನನ್ನೇ ಕೂರಿಸಿತ್ತು.

"ಪ್ರಜ್ಞೇಶ್, ಕೇಳಿ... ನಮ್ಮ ಅತ್ತೆ ಫೋಲ್ಡರ್ ಹೆಸರು ಬದಲಾಯಿಸಿ ಗಣಪತಿ ಅಂತ..."

"ಗಣಪತಿ!" ಅವನು ಕಹಿಯಾಗಿ ನಕ್ಕ. "ನಿನ್ನೆ ಕಂಪ್ಯೂಟರ್ ಪ್ರಾಬ್ಲಮ್. ಇವತ್ತು ಗಣಪತಿ. ನಾಳೆ ಯಾವ ದೇವರು?"

"ನಿಜ ಹೇಳ್ತಿದ್ದೀನಿ!"

"ನಿಜ ನಿನ್ನೆ ಹೇಳ್ಬೇಕಿತ್ತು. ನನ್ನ ಅಪ್ಪನ ಕಥೆ ಕೇಳಿ ಕಣ್ಣಲ್ಲಿ ನೀರು ತಂದ್ಕೊಂಡಿಯಲ್ಲ, ಅದೂ ನಾಟಕವಾ?"

"ನೀನು ಗೀನು ಅಂದ್ರೆ ಸರಿ ಇರಲ್ಲ!"

"ನೀವು ಅನ್ನುವಷ್ಟು ಮರ್ಯಾದೆ ನನ್ನಲ್ಲಿ ಉಳಿದಿಲ್ಲ." ಅವನು ಕಟ್ಟನ್ನು ಅಲ್ಲೇ ಬಿಟ್ಟು ತಿರುಗಿದ. "ನಾಳೆ ನಾನು ಬರೀ ಬಾಯಲ್ಲೇ ಹೇಳ್ತೇನೆ. ನಿಮ್ಮ ಉಪಕಾರ ಸಾಕು."

ಅವಳಿಗೆ ಅಳು ಉಕ್ಕಿ ಬಂತು. ಅವಮಾನಕ್ಕಲ್ಲ. ಅವನು ಹೇಳಿದ್ದರಲ್ಲಿ ಒಂದು ಮಾತು ಸತ್ಯವಾಗಿತ್ತು. ನಿಜ ನಿನ್ನೆಯೇ ಹೇಳಬೇಕಿತ್ತು! ತನ್ನ ಒಣ ಜಂಭಕ್ಕೆ ಒಂದು ಮೂಕ ಪ್ರಾಣಿಯ ಜೀವನ, ಲೈನಿನ ಅಷ್ಟು ಜನರ ಜೀವ, ಒಬ್ಬ ಮಗನ ಎರಡು ವರ್ಷ...

ಕಣ್ಣೊರೆಸಿಕೊಂಡು ಮತ್ತೆ ಕುಳಿತಳು. ಫೈಲಿನ ಹೆಸರು ಒಂದೇ ಇರಬಹುದು, ಆದರೆ ಪ್ರತಿ ಫೋಟೊದ ಹೊಟ್ಟೆಯಲ್ಲಿ ಅದನ್ನು ತೆಗೆದ ದಿನ, ಗಂಟೆ, ನಿಮಿಷ ಇರುತ್ತದೆ. ಪ್ರತಿ ಚಿತ್ರದ ಕೆಳಗೆ ಪ್ರಜ್ಞೇಶ್ ಹೊತ್ತನ್ನು ಬರೆಸಿದ್ದಾನೆ. ಎರಡೂ ಕೂಡಿದರೆ ಮಾತ್ರ ಚಿತ್ರ ಕೂರಿಸು ಎಂದು ಹೊಸ ಮ್ಯಾಕ್ರೊ ಬರೆದಳು. ಹತ್ತೊಂಬತ್ತು ಕಡೆ ತಪ್ಪು ಆನೆ ಕೂತಿದ್ದದ್ದು ಪತ್ತೆಯಾಯಿತು. ಅಷ್ಟಕ್ಕೂ ಅವಳಿಗೆ ಸಮಾಧಾನವಾಗಲಿಲ್ಲ. ಒಂದೊಂದು ಕಿವಿಯನ್ನೂ ತಾನೇ ಹಿಗ್ಗಿಸಿ ನೋಡಿ ಗುರುತು ಹಾಕಿಕೊಂಡಳು.

ಉಳಿದದ್ದು ಕೊನೆಯ ಪುಟದ ಆ ಒಂದು ಕೆಂಪು ಗುರುತು.

"ಅತ್ತೆ, ಬೊಳ್ಳಪ್ಪ ಅಂತ ಒಬ್ರು... ನಮ್ಮ ಅಂಗಡಿಗೆ ಯಾವತ್ತಾದ್ರೂ ಬಂದಿದ್ರಾ?"

ಮಧ್ಯಾಹ್ನದ ಜಗಳ ಕೇಳಿದಾಗಿನಿಂದ ಮುಖ ಸಪ್ಪೆ ಮಾಡಿಕೊಂಡಿದ್ದ ವಿಶಾಲಾಕ್ಷಮ್ಮ ತಲೆಯೆತ್ತಿದರು. "ಮೀಸೆ ಬೊಳ್ಳಪ್ಪಣ್ಣನಾ? ಬಂದಿದ್ರು ಕಣೆ, ಬೆಳೆಗಾರರ ಸಂಘದ ಕಾರ್ಡಿಗೆ ಫೋಟೊ ತೆಗೆಸೋಕೆ. ಎಷ್ಟು ಸಲ ತೆಗೆದ್ರೂ ನಕ್ಬಿಡೋರು! ಕಾರ್ಡಿಗೆ ನಗು ಆಗಲ್ಲ ಅಂದೆ, ಅದಕ್ಕೂ ನಕ್ಕರು."

"ಆ ಫೋಟೊ...?"

"ನಾನು ಯಾವತ್ತಾದ್ರೂ ಒಂದನ್ನಾದ್ರೂ ಅಳಿಸಿದ್ದೀನೇನೆ? 'ನಗು ಬಂದವರು' ಅಂತ ಒಂದು ಫೋಲ್ಡರ್ ಮಾಡಿದ್ದೀನಿ, ಅದ್ರಲ್ಲಿ ನೋಡು."

ಶುಕ್ರವಾರ ಬೆಳಿಗ್ಗೆ, ದುಬಾರೆ ದಾರಿಯ ಸಭಾಭವನದಲ್ಲಿ ಪ್ರಜ್ಞೇಶ್ ಬರಿಗೈಯಲ್ಲಿ ನಿಂತಿದ್ದ.

"ಬಾಯಿ ಮಾತು ಸಾಕಾ ಪ್ರಜ್ಞೇಶ್? ನನ್ನ ಕೂಲಿಯವರು ಹೆದರಿ ಕೆಲಸ ಬಿಟ್ಟು ಹೋಗ್ತಿದ್ದಾರೆ" ಎಂದು ಉತ್ತಯ್ಯ ಗದರುತ್ತಿದ್ದಾಗ, ಲ್ಯಾಪ್‌ಟಾಪ್ ಅಪ್ಪಿಕೊಂಡು ವೀಣಾ ಒಳಗೆ ಬಂದಳು.

ಉತ್ತಯ್ಯನವರ ಹಿಂದೆ ನಿಂತಿದ್ದ ದೇವರಾಜು ಬೆಚ್ಚಿದರು. "ವೀಣಾ! ನೀನ್ಯಾಕಮ್ಮ ಇಲ್ಲಿ?"

"ತಪ್ಪು ಒಪ್ಕೊಳ್ಳೋಕೆ ಬಂದೆ ಅಪ್ಪ."

ಪ್ರಜ್ಞೇಶನ ಮುಖ ಗಂಟಿಕ್ಕಿತು. "ಇನ್ನೂ ಎಂಥ ಬಾಕಿ ಉಂಟು?"

ಅವಳು ಅವನ ಕಡೆ ನೋಡಲೇ ಇಲ್ಲ. ರೇಂಜರ್ ಮೇಡಂ ಕಡೆ ತಿರುಗಿ, ಗಣಪತಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಜನ ನಕ್ಕರು. ನಗಲಿ ಎಂದು ಬಿಟ್ಟಳು. ತಾನು ಸುಳ್ಳು ಹೇಳಿದ್ದನ್ನೂ ಹೇಳಿದಳು. ಆಮೇಲೆ ನಲವತ್ತೊಂದನೇ ಪುಟ ತೆರೆದಳು.

"ಈಗ ಇದು ಸರಿಯಾಗಿದೆ. ನಂಬಬೇಡಿ, ನೋಡಿ."

ಗೋಡೆಯ ಮೇಲೆ ಹರಿದ ಕಿವಿಯ ಸಲಗ ದೊಡ್ಡದಾಗಿ ನಿಂತಿತು. ಹಿಂದಿನ ಬೆಂಚಿನಿಂದ ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಯಮುನ ಕಿರುಚಿ ಎದ್ದಳು.

"ಇದೇ! ಇದೇ ಸ್ವಾಮಿ! ನನ್ನ ಎತ್ತುವಾಗ ಮುಖಕ್ಕೆ ಬಡಿದದ್ದು ಈ ಹರಕು ಕಿವಿಯೇ!"

"ಮೊದಲೇ ಯಾಕೆ ಹೇಳಲಿಲ್ಲ ನೀನು?" ಉತ್ತಯ್ಯ ಗುಡುಗಿದರು.

"ನನ್ನನ್ನ ಯಾರು ಕೇಳಿದ್ರು?"

ಉತ್ತಯ್ಯ ಗೋಡೆಯ ಕಡೆ ನೋಡಿ ಟೋಪಿ ತೆಗೆದರು. "ಮೇಡಂ, ನನ್ನ ಅರ್ಜಿಯಲ್ಲಿ ಚಿನ್ನ ಅಂತ ಇರೋದನ್ನ ಹೊಡೆದು ಹಾಕಿ. ಹಿಡಿಯಬೇಕಾದ್ದು ಇದನ್ನ." ಪ್ರಜ್ಞೇಶನ ಕಡೆ ತಿರುಗಿದಾಗ ಅವರ ದನಿ ಇಳಿದಿತ್ತು. "ಎರಡು ವರ್ಷದ ಹಿಂದೆಯೇ ನಿನ್ನ ಮಾತು ಕೇಳ್ಬೇಕಿತ್ತು ಪ್ರಜ್ಞೇಶ್."

ಪುಟಗಳು ಮುಂದೆ ಸರಿದು ಕೊನೆಯದಕ್ಕೆ ಬಂದು ನಿಂತವು. ಅಲ್ಲಿ ಕೆಂಪು ಗುರುತು ಇರಲಿಲ್ಲ. ದಪ್ಪ ಮೀಸೆಯ ಬೊಳ್ಳಪ್ಪ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದರು.

ಪ್ರಜ್ಞೇಶ್ ಎದ್ದು ಹೊರಗೆ ಹೋಗಿಬಿಟ್ಟ.

'ಅಯ್ಯೋ... ಕೇಳದೆ ಹಾಕಿ ತಪ್ಪು ಮಾಡಿದೆನಾ?' ವೀಣಾ ಹಿಂದೆಯೇ ಓಡಿದಳು. ಅವನು ಜೀಪಿನ ಬಾನೆಟ್ಟಿಗೆ ಕೈಯೂರಿ ಬೆನ್ನು ತಿರುಗಿಸಿ ನಿಂತಿದ್ದ.

"ಯಾರನ್ನ ಕೇಳಿ ಹಾಕಿದ್ದು ಅದನ್ನ?" ದನಿ ಕಟುವಾಗಿತ್ತು, ಆದರೆ ಒಡೆದಿತ್ತು.

"ಯಾರನ್ನೂ ಕೇಳಲಿಲ್ಲ. ಬೈಯೋದಿದ್ರೆ ಬೈದುಬಿಡಿ. ಬೈಯೋದು ನಿಮಗೆ ಚೆನ್ನಾಗೇ ಬರುತ್ತೆ."

"ಅಪ್ಪ ಹೀಗೇ ನಗ್ತಿದ್ದದ್ದು..." ಅವನು ತಿರುಗಿದ. ಕೆನ್ನೆಯೆಲ್ಲ ಒದ್ದೆಯಾಗಿತ್ತು. "ಮರ್ತೇ ಹೋಗಿತ್ತು ನನಗೆ. ಅವರು ಬಿದ್ದಿದ್ದ ರೀತಿ ಮಾತ್ರ ಕಣ್ಣಲ್ಲಿ ಉಳಿದಿತ್ತು."

ವೀಣಾ ಒಂದು ಹೆಜ್ಜೆ ಹತ್ತಿರ ಬಂದಳು.

"ನಿನ್ನೆ ನನಗೆ ಕೋಪ ಬಂದದ್ದು ಫೋಟೊಕ್ಕಲ್ಲ ವೀಣಾ. ನೀವು ಸುಳ್ಳು ಹೇಳಿದ್ದಕ್ಕೆ. ಬೇರೆ ಯಾರು ಹೇಳಿದ್ದಿದ್ರೂ ಇಷ್ಟು ಉರೀತಿರಲಿಲ್ಲ. ಯಾಕೆ ಅಂತ ರಾತ್ರಿಯೆಲ್ಲ ಯೋಚ್ನೆ ಮಾಡಿದೆ. ನೀವಂದ್ರೆ ನನಗೆ ಇಷ್ಟ, ಅದಕ್ಕೇ."

"ಇದನ್ನೂ ಜಗಳ ಆಡೋ ಹಾಗೇ ಹೇಳ್ತೀರಲ್ಲ!"

"ಬೇರೆ ಥರ ಹೇಳ್ಲಿಕ್ಕೆ ಬರೋದಿಲ್ಲ. ಇಷ್ಟ ಇಲ್ಲಾಂದ್ರೆ ಇಲ್ಲ ಅನ್ನಿ."

"ಇಷ್ಟ ಇಲ್ದೆ ಕೂತು ನಾನೂರಿಪ್ಪತ್ತಾರು ಕಿವಿ ನೋಡಿದ್ನಾ?" ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು. "ನಿನ್ನಂಥ ಜಗಳಗಂಟನಿಗೆ ಇನ್ನೂ ಬಿಡಿಸಿ ಹೇಳ್ಬೇಕಾ?"

ಅವಳು 'ನೀನು' ಎಂದದ್ದು ಅವನಿಗೆ ಕೇಳಿಸಿತು. ಅವನ ಬಿಗಿದ ಮುಖ ಮೆಲ್ಲಗೆ ಅರಳಿದಾಗ, ಗೋಡೆಯ ಮೇಲೆ ಕಂಡ ಅದೇ ಬೊಳ್ಳಪ್ಪನವರ ನಗು ಅವನಲ್ಲೂ ಇರುವುದು ಅವಳಿಗೆ ಕಂಡಿತು.

"ಅಪ್ಪನ ಫೋಟೊ... ಅದೂ ಲಿಂಕಾ? ಮತ್ತೆ ಹೋಗ್ತದಾ?"

"ಇಲ್ಲ. ಇನ್ನೂರ ಹದಿನಾಲ್ಕನ್ನೂ ಒಳಗೇ ಕೂರಿಸಿಬಿಟ್ಟೆ. ಇನ್ನು ಯಾರು ಯಾವ ದೇವರ ಹೆಸರಿಟ್ರೂ ಅವರು ಅಲ್ಲೇ ಇರ್ತಾರೆ."

"ಒಳಗೆ ಕೂರಿಸಿದ್ರೆ ಫೈಲ್ ಭಾರ ಆಗ್ತದೆ ಅ‍ಂದಿದ್ದೆಯಲ್ಲ?"

ವೀಣಾ ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಆಗ್ಲಿ ಬಿಡು."